ಖಾಲಿ ಬಿಟ್ಟ ಚೌಕ

ಕೇಳುಮನೆಯಲ್ಲಿ ನನ್ನ ಕೆಲಸ ಗೋಡೆ ನೋಡುತ್ತ ನಿಲ್ಲುವುದು. ಬೆಳಗ್ಗೆ ಬಂದು ಕಸ ಗುಡಿಸಿ, ಕಂಪ್ಯೂಟರಿನ ಗುಂಡಿಗಳನ್ನು ಒದ್ದೆಬಟ್ಟೆಯಿಂದ ಒರೆಸಿ, ಬಾಗಿಲು ತೆಗೆಯುತ್ತೇನೆ. ಜಗಲಿಯ ಮೇಲೆ ಕಾಯುತ್ತಿರುವವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದು, ಸ್ಟೂಲಿನ ಮೇಲೆ ಕೂರಿಸಿ, ಬೆನ್ನು ತಿರುಗಿಸುತ್ತೇನೆ. ಅವರು ಕಳೆದುಕೊಂಡದ್ದರ ಹೆಸರು ಒತ್ತುತ್ತಾರೆ. ಅದು ಎಲ್ಲಿದೆ ಎಂದು ಪರದೆಯ ಮೇಲೆ ಬರುತ್ತದೆ. ಓದಿಕೊಂಡು ಎದ್ದು ಹೋಗುತ್ತಾರೆ. ಯಾರು ಏನು ಕಳೆದುಕೊಂಡರೆಂದು ನನಗೆ ತಿಳಿಯಬಾರದು. ನನಗಿಂತ ಮುಂಚೆ ನಮ್ಮತ್ತೆ ಇದೇ ಗೋಡೆ ನೋಡುತ್ತ ನಿಂತಿದ್ದಳು. ಸುಣ್ಣ ಎಲ್ಲೆಲ್ಲಿ ಏಳುತ್ತಿದೆ ಎಂದು ನನಗೆ ನನ್ನ ಅಂಗೈಗಿಂತ ಚೆನ್ನಾಗಿ ಗೊತ್ತು.

ಇಂಥದೊಂದು ಮನೆ ಇರುವುದರಿಂದ ನಮ್ಮೂರಿನವರಿಗೆ ಯಾವುದನ್ನೂ ಜೋಪಾನ ಮಾಡುವ ಅಭ್ಯಾಸವೇ ಇಲ್ಲ. ದರ್ಜಿ ಕತ್ತರಿಯನ್ನು ಎಲ್ಲೋ ಇಡುತ್ತಾನೆ, ಮೇಷ್ಟ್ರು ಕನ್ನಡಕವನ್ನು ಇನ್ನೆಲ್ಲೋ ಬಿಡುತ್ತಾರೆ. ಹೊರಗಿನಿಂದ ಬಂದ ಸೊಸೆಯರು ಮೊದಮೊದಲು ಬೀಗದಕೈಯನ್ನು ಸೆರಗಿಗೆ ಕಟ್ಟಿಕೊಂಡು ಓಡಾಡುತ್ತಾರೆ. ಒಂದು ಬೇಸಿಗೆ ಕಳೆಯುವುದರೊಳಗೆ ಅವರೂ ನನ್ನ ಜಗಲಿಯಲ್ಲಿ ಕೂತಿರುತ್ತಾರೆ. ಆದರೆ ಕಂಪ್ಯೂಟರಿಗೂ ಅದರದ್ದೇ ಆದ ಹಟಗಳಿವೆ. ಸತ್ತವರ ಹೆಸರು ಒತ್ತಿದರೆ ಸುಮ್ಮನಿರುತ್ತದೆ. ಕೈಯಾರೆ ಕೊಟ್ಟುಬಿಟ್ಟದ್ದನ್ನು ಕೇಳಿದರೂ ಸುಮ್ಮನಿರುತ್ತದೆ, ಕೊಟ್ಟದ್ದು ಕಳೆದದ್ದಾಗುವುದಿಲ್ಲ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಹಾಸಿಗೆಯನ್ನು ಊರಾಚೆಯ ಮೋಟುಗೋಡೆಯ ಮೇಲೆ ಹಾಕಿ ಬರುತ್ತೇವೆ. ಅದನ್ನು ಹಾಸಿಗೆ ಗೋಡೆ ಅನ್ನುತ್ತೇವೆ. ಅಲ್ಲಿಗೆ ಕೊಟ್ಟದ್ದನ್ನು ಮತ್ತೆ ಮುಟ್ಟುವಂತಿಲ್ಲ, ಅದರ ಬಗ್ಗೆ ಕೇಳುವಂತೆಯೂ ಇಲ್ಲ. ಎಲ್ಲಕ್ಕಿಂತ ದೊಡ್ಡ ಹಟವೆಂದರೆ, ಕಳೆದುಕೊಂಡವರೇ ಒತ್ತಬೇಕು. ಗಂಡನ ಗಡಿಯಾರಕ್ಕಾಗಿ ಹೆಂಡತಿ ಬಂದು ಒತ್ತಿದರೆ ಪರದೆ ಕಪ್ಪಾಗಿಬಿಡುತ್ತದೆ.

ಇದರಿಂದ ಕಷ್ಟವಾಗುತ್ತಿದ್ದದ್ದು ಮೈ ಸರಿಯಿಲ್ಲದವರಿಗೆ. ಅತ್ತೆಯ ಕಾಲದಲ್ಲಿ ಅಂಥವರು ಬರುತ್ತಲೇ ಇರಲಿಲ್ಲ. ನಾನು ಬಂದ ಮೇಲೆ ಅಲ್ಪಸ್ವಲ್ಪ ದಾರಿ ಮಾಡಿಕೊಂಡೆ. ಕೈ ನಡುಗುವ ಮುದುಕರ ಬೆರಳು ಪಕ್ಕದ ಗುಂಡಿಗೆ ಜಾರಬಾರದೆಂದು, ಒಂದೊಂದು ಗುಂಡಿಗೆ ಒಂದೊಂದು ತೂತು ಕೊರೆಸಿದ ಹಲಗೆಯನ್ನು ಮೇಲೆ ಕೂರಿಸಿದೆ. ಕಣ್ಣು ಕಾಣದವರಿಗೆ ಗುಂಡಿಯ ಮೇಲೆ ಮೇಣದ ಗುರುತು ಅಂಟಿಸಿದೆ. ಉತ್ತರ ಅವರಿಗೊಬ್ಬರಿಗೇ ಕೇಳುವ ಹಾಗೆ, ರೇಡಿಯೋ ರಿಪೇರಿಯ ಗೌಸ್ ಸಾಬರು ಕಿವಿಗೆ ಇಟ್ಟುಕೊಳ್ಳುವ ಸಾಧನವೊಂದನ್ನು ಜೋಡಿಸಿಕೊಟ್ಟರು. ಓದು ಬಾರದವರಿಗೆ ಚಿತ್ರದ ಹಲಗೆ ಬರೆದೆವು. ಚೌಕ ಚೌಕವಾಗಿ ಬಳೆ, ಕೊಡ, ಬಾಚಣಿಗೆ, ಆಡು, ಕೋಳಿ, ಚಪ್ಪಲಿ. ಚಿತ್ರ ಮುಟ್ಟಿದರೆ ಅದರ ಹೆಸರು ತಾನಾಗಿ ಕಂಪ್ಯೂಟರಿಗೆ ಹೋಗುತ್ತಿತ್ತು. ಕೋಳಿ ಬರೆದವಳು ನಾನೇ. ಅದನ್ನು ಹೂಜಿ ಅಂದುಕೊಂಡು ಮುಟ್ಟಿದವರೂ ಇದ್ದಾರೆ. ಇಷ್ಟಾದ ಮೇಲೆ ಊರಿನಲ್ಲಿ ಕೇಳಲಾರದವರು ಯಾರೂ ಉಳಿದಿಲ್ಲ ಅಂದುಕೊಂಡಿದ್ದೆ.

ಆಗ ಮರಿಲಿಂಗ ತನ್ನ ತಂಗಿಯನ್ನು ಸೋಡಾ ಗಾಡಿಯಲ್ಲಿ ಕೂರಿಸಿಕೊಂಡು ಬಂದ. ಅವನದು ಗೋಲಿ ಸೋಡಾ ಅಂಗಡಿ. ಬಾಟಲಿ ಇಡುವ ಜಾಗದಲ್ಲಿ ದಿಂಬು ತುಂಬಿ, ನಡುವೆ ಹೊಂಬಾಳೆಯನ್ನು ಒರಗಿಸಿದ್ದ. ಮೂವತ್ತು ದಾಟಿದ ಹೆಣ್ಣು. ಹುಟ್ಟಿದಾಗಿನಿಂದ ಮಾತಿಲ್ಲ, ನಡಿಗೆಯಿಲ್ಲ. ಕೈಕಾಲು ತಾವಾಗಿ ಎಗರುತ್ತವೆ, ಸೆಟೆದುಕೊಳ್ಳುತ್ತವೆ. ಅವಳನ್ನು ನೋಡಿಕೊಳ್ಳುತ್ತಿದ್ದ ತಾಯಿ ಕೆಂಚಮ್ಮ ಆಗಷ್ಟೇ ತೀರಿಕೊಂಡಿದ್ದಳು.

"ಅಕ್ಕ, ಇವಳು ಊಟ ಬಿಟ್ಟಿದ್ದಾಳೆ," ಅಂದ. "ತುತ್ತು ಹತ್ರ ತಂದರೆ ಮುಖ ತಿರುಗಿಸ್ತಾಳೆ. ಗಂಜಿ ಹುಯ್ದರೆ ಕಟಬಾಯಲ್ಲಿ ಸುರಿದುಹೋಗುತ್ತೆ. ಡಾಕ್ಟ್ರು ಗಂಟಲಲ್ಲೇನೂ ತೊಂದರೆ ಇಲ್ಲ ಅಂದ್ರು. ಹೀಗೇ ಬಿಟ್ಟರೆ ಉಳಿಯಲ್ಲ ಅಂತಲೂ ಅಂದ್ರು."

"ಯಾವಾಗಿನಿಂದ?"

"ಅವ್ವನ ಕಾರ್ಯ ಮುಗಿದಾಗಿಂದ. ಏನೋ ಕಳಕೊಂಡಿದ್ದಾಳೆ ಕಣಕ್ಕ. ಕಣ್ಣಲ್ಲೇ ಹುಡುಕ್ತಾಳೆ. ತಲೆ ಹಿಂದಕ್ಕೆ ಹಾಕಿ ಗೋಡೆಗೆ ಗುದ್ದಿಕೊಳ್ತಾಳೆ, ಪೆಟ್ಟಾಗುತ್ತೆ ಅಂತ ದಪ್ಪ ದಿಂಬು ಇಟ್ಟಿದ್ದೀನಿ."

"ಅವ್ವನ್ನೇ ಹುಡುಕ್ತಿರಬೇಕು."

ಅವನು ಗಾಡಿಯಿಂದ ಎರಡು ಹೆಜ್ಜೆ ಈಚೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ಅವ್ವ ಸತ್ತಿದ್ದು ಅವಳಿಗೆ ನಾನು ಹೇಳಿಲ್ಲಕ್ಕ. ಅವಳಿಗೆ ಅದೆಲ್ಲ ತಿಳಿಯುತ್ತಾ? ತಿಳಿದರೂ ತಡಕೊಳ್ತಾಳಾ? ನೀನೂ ಅವ್ವನ ಹೆಸರು ಮಾತ್ರ ಎತ್ತಬೇಡ."

ಒಳಗೆ ತಂದು ಕೂರಿಸಿದ. ನಾನು ಗೋಡೆಗೆ ತಿರುಗುವ ಮುಂಚೆಯೇ ಅವಳ ತೋರುಬೆರಳು ಹಿಡಿದು ಬಳೆಯ ಚಿತ್ರಕ್ಕೆ ಒತ್ತಿದ. ಪರದೆ ಕಪ್ಪಾಯಿತು. ಬಾಚಣಿಗೆಗೆ ಒತ್ತಿದ. ಮತ್ತೆ ಕಪ್ಪು.

"ಬೆರಳು ಅವಳದೇ ಅಲ್ವಾ!" ಎಂದು ಕಂಪ್ಯೂಟರಿನ ಮೇಲೆ ರೇಗಿದ.

"ಬೆರಳು ಅವಳದು, ಒತ್ತಿದವನು ನೀನು," ಅಂದೆ. "ಅದಕ್ಕೆ ಗೊತ್ತಾಗುತ್ತೆ."

ಗೌಸ್ ಸಾಬರನ್ನು ಕರೆಸಿದೆ. ಸಾಬರಿಗೆ ಕೆಲಸ ಹೇಳಿದರೆ ಮೊದಲು ಬೈಯುತ್ತಾರೆ, ಆಮೇಲೆ ಮಾಡುತ್ತಾರೆ. "ನೀವು ಒಂದಲ್ಲ ಒಂದು ದಿನ ಈ ಪೆಟ್ಟಿಗೆ ಸುಟ್ಟು ನನ್ನನ್ನ ಊರು ಬಿಡಿಸ್ತೀರಿ ಲಿಂಗಾಜಮ್ಮ," ಅನ್ನುತ್ತಲೇ ಮದುವೆ ಚಪ್ಪರಕ್ಕೆ ಹಾಕುವ ಸೀರಿಯಲ್ ಸೆಟ್ಟನ್ನು ಬಿಚ್ಚಿ, ಚಿತ್ರದ ಹಲಗೆಯ ಒಂದೊಂದು ಚೌಕದ ಮೇಲೆ ಒಂದೊಂದು ಬಲ್ಬು ಬರುವ ಹಾಗೆ ಕಟ್ಟಿದರು. ಬೆಳಕು ಬಳೆಯಿಂದ ಕೊಡಕ್ಕೆ, ಕೊಡದಿಂದ ಬಾಚಣಿಗೆಗೆ ತಾನಾಗಿ ಹೋಗುತ್ತದೆ. ಬೇಕಾದ ಚಿತ್ರಕ್ಕೆ ಬಂದಾಗ ಒಂದೇ ಒಂದು ಸ್ವಿಚ್ಚು ಒತ್ತಿದರೆ ಆಯಿತು. ಬಾಗಿಲ ಬೆಲ್ಲಿನ ಸ್ವಿಚ್ಚನ್ನು ಅವಳ ಬಲಗೈ ಕೆಳಗೆ ಕಟ್ಟಿದೆವು. ಅವಳ ಮೈಯಲ್ಲಿ ಹೆಚ್ಚು ಆಡುತ್ತಿದ್ದದ್ದು ಆ ಕೈಯೇ. ಆಡುವ ಕೈ ಕೆಲಸಕ್ಕೆ ಬರುವ ಕೈ ಅಂದುಕೊಂಡೆವು.

ಬೆಳಕು ಹೊರಟದ್ದೇ ಕೈ ಎಗರಿತು. ಕೊಡ. ಮತ್ತೆ ಎಗರಿತು. ಆಡು, ಚಪ್ಪಲಿ, ಕೋಳಿ, ಕೋಳಿ. ಕಂಪ್ಯೂಟರು ಒಂದೊಂದಕ್ಕೂ 'ಇದು ಕಳೆದಿಲ್ಲ' ಎಂದು ಉತ್ತರ ಕೊಡುತ್ತ ಹೋಯಿತು. ಅದರ ಟಿಕ್ಕು ಟಿಕ್ಕು ಜಗಲಿಗೂ ಕೇಳಿ, "ಕೋಳಿ ಸಿಕ್ತೇನಮ್ಮಾ?" ಎಂದು ಯಾರೋ ಕೂಗಿದರು, ನಾಲ್ಕಾರು ಜನ ನಕ್ಕರು. ಹೊಂಬಾಳೆಯ ಕಣ್ಣು ತುಂಬಿಕೊಂಡಿತು. ಜನರ ನಗುವಿಗೆ ಅಳುವವಳಿಗೆ ಏನೂ ತಿಳಿಯುವುದಿಲ್ಲ ಅಂತ ಮರಿಲಿಂಗ ಹೇಗೆ ಹೇಳುತ್ತಾನೆ ಅಂದುಕೊಂಡೆ. ಆ ಹೊತ್ತು ಬಾಗಿಲು ಹಾಕಿ ಎಲ್ಲರನ್ನೂ ಕಳಿಸಿದೆ.

ಮಾರನೆಯ ದಿನ ಅವರ ಮನೆಗೆ ಹೋದೆ. ಗಾಡಿಗೆ ಎತ್ತುವಾಗ ಅವಳು ಹಿಂದಿನ ಸಲಕ್ಕಿಂತ ಹಗುರಾಗಿದ್ದಾಳೆ ಎಂದು ಮರಿಲಿಂಗ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಅವಳ ತಲೆಗೂದಲು ಗಂಟುಗಂಟಾಗಿತ್ತು. ಬೇರೇನು ಮಾಡುವುದೆಂದು ತೋಚದೆ ಕೊಬ್ಬರಿ ಎಣ್ಣೆ ಕೇಳಿ ಇಸಕೊಂಡು, ಹಿಂದೆ ಕೂತು ಸಿಕ್ಕು ಬಿಡಿಸತೊಡಗಿದೆ. ಸುಮ್ಮನೆ ಬಾಚುವುದು ನನ್ನಿಂದಾಗದು, ಮಾತು ಬೇಕು.

"ನೋವಾಗ್ತಿದೆಯೇನೇ?" ಏನೂ ಇಲ್ಲ. "ಇನ್ನೊಂಚೂರು ಎಣ್ಣೆ ಹಾಕಲಾ?" ತಲೆ ಹಿಂದಕ್ಕೆ ಬಂದು ನನ್ನ ಅಂಗೈಯನ್ನು ಒತ್ತಿತು. ನಾನು ಕೈ ಹಾಗೇ ಹಿಡಿದೆ. "ನಿಮ್ಮಣ್ಣ ಚೆನ್ನಾಗಿ ಬಾಚ್ತಾನಾ?" ಏನೂ ಇಲ್ಲ. "ದನಕ್ಕೆ ಮೈ ಉಜ್ಜಿದ ಹಾಗೆ ಬಾಚ್ತಾನಾ?" ಅಂಗೈ ಒತ್ತಿತು, ಜೋರಾಗಿ. ಅವಳ ಹೆಗಲು ಕುಲುಕಿತು. ಅದು ನಗು.

"ಮರಿಲಿಂಗ, ಇಲ್ಲಿ ಬಾ!" ಎಂದು ಕೂಗಿದೆ. ಅವನು ಬಾಟಲಿ ತೊಳೆಯುತ್ತಿದ್ದ ಕೈಯಲ್ಲೇ ಓಡಿ ಬಂದ. "ಇವಳು ಗೋಡೆಗೆ ತಲೆ ಗುದ್ದಿಕೊಳ್ತಿರಲಿಲ್ಲ ಕಣೋ. ಹೌದು ಅಂತಿದ್ದಳು. ಅಲ್ಲಿ ಕೇಳೋರು ಯಾರೂ ಇರಲಿಲ್ಲ."

ಅವತ್ತು ಕೂತು ನಮಗೆ ತೋಚಿದ್ದೆಲ್ಲ ಕೇಳಿದೆವು. ಹೊದಿಕೆಯಾ, ಕನ್ನಡಿಯಾ, ಕಿವಿಯ ಓಲೆಯಾ, ಕಿಟಕಿಯ ಹತ್ತಿರದ ಜಾಗವಾ. ತಲೆ ಅಲುಗಲಿಲ್ಲ. ತಾಯಿಯ ಹೆಸರು ನನ್ನ ನಾಲಿಗೆ ತುದಿಗೆ ಬಂದಾಗ ಮರಿಲಿಂಗ ಕಣ್ಣಲ್ಲೇ ಬೇಡವೆಂದ. ನಮ್ಮ ತಲೆಗೆ ಹೊಳೆಯದ್ದನ್ನು ಕಂಪ್ಯೂಟರೇ ಹೇಳಲಿ ಎಂದುಕೊಂಡೆವು. ಸಾಬರು ಸ್ವಿಚ್ಚನ್ನು ಒಂದು ಸಣ್ಣ ದಿಂಬಿನೊಳಗೆ ಹೊಲಿದು ಅವಳ ತಲೆಯ ಹಿಂದೆ ಕಟ್ಟಿದರು. ಅವಳಿಗೆ ಒತ್ತಲು ಹೊತ್ತು ಹಿಡಿಯುತ್ತದೆಂದು ಬೆಳಕಿನ ಓಟವನ್ನು ನಿಧಾನ ಮಾಡಿದರು. ಮೊದಲು ಅವರು ಇಟ್ಟದ್ದು ತಮ್ಮ ಬೆರಳಿನ ವೇಗವಾಗಿತ್ತು. ಮರಿಲಿಂಗ ಇನ್ನೊಂದು ಹಲಗೆ ತಂದ. ಮನೆಯಲ್ಲಿರುವ ವಸ್ತುಗಳನ್ನೆಲ್ಲ, ಒನಕೆಯನ್ನೂ ಬಿಡದೆ, ಕೂತು ಬರೆದೆವು.

ಕೇಳುಮನೆಯಲ್ಲಿ ಮತ್ತೆ ಬೆಳಕು ನಡೆಯಿತು. ಮೊದಲ ಚೌಕದಿಂದ ಕೊನೆಯ ಚೌಕದವರೆಗೆ ಹೋಯಿತು, ಮತ್ತೆ ಮೊದಲಿಗೆ ಬಂತು. ಹೊಂಬಾಳೆ ನೋಡುತ್ತಿದ್ದಳು, ಒತ್ತಲಿಲ್ಲ. ಸುತ್ತಿನ ಮೇಲೆ ಸುತ್ತು. ನಾನು ಗೋಡೆ ನೋಡುತ್ತಿದ್ದವಳು ಗೋಡೆಗೇ ಕಿವಿ ಅಂಟಿಸಿದ ಹಾಗೆ ಕಾದೆ. ಒಂದು ಟಿಕ್ಕೂ ಇಲ್ಲ.

"ದಣಿದಿರಬೇಕು," ಅಂದರು ಸಾಬರು.

"ಅವಳಿಗೆ ಅರ್ಥ ಆಗಿಲ್ಲ," ಅಂದ ಮರಿಲಿಂಗ. "ನಾನು ಮೊದಲೇ ಹೇಳಲಿಲ್ವಾ? ಎಣ್ಣೆ ಬೇಕಾ, ನೀರು ಬೇಕಾ ಅಷ್ಟು ತಿಳಿಯುತ್ತೆ. ಬೆಳಕು, ಚಿತ್ರ, ಇದೆಲ್ಲ ಅವಳಿಗೆ ಹೆಚ್ಚಾಯ್ತು. ಸಾಕು ಬಿಡಕ್ಕ, ಸುಮ್ಮನೆ ಯಾಕೆ ಗೋಳು ಹುಯ್ಕೋಬೇಕು." ಅವಳನ್ನು ಎತ್ತಿಕೊಳ್ಳಲು ಬಗ್ಗಿದ.

ನಾನು ತಿರುಗಿ ನೋಡಿದೆ. ನನ್ನ ಕೆಲಸದಲ್ಲಿ ಅದು ತಪ್ಪು, ಆದರೂ ನೋಡಿದೆ. ಹೊಂಬಾಳೆಯ ಮುಖದಲ್ಲಿ ದಣಿವು ಇರಲಿಲ್ಲ. ಮದುವೆ ಮನೆಯಲ್ಲಿ ಬಡಿಸುತ್ತ ಬಂದವರು ತನ್ನ ಎಲೆಯನ್ನು ಮಾತ್ರ ದಾಟಿಕೊಂಡು ಹೋದರೆ ಕೂತವರ ಮುಖ ಹೇಗಿರುತ್ತದೋ ಹಾಗಿತ್ತು. ನಾವು ಇಷ್ಟೊಂದು ಚಿತ್ರ ಬರೆದಿದ್ದೆವು, ಎಲ್ಲ ನಮ್ಮ ತಲೆಯೊಳಗಿನವು. ನೀವು ಬರೆದದ್ದರಲ್ಲಿ ನನ್ನದು ಇಲ್ಲ ಅನ್ನಲು ಅವಳಿಗೆ ಜಾಗವನ್ನೇ ಕೊಟ್ಟಿರಲಿಲ್ಲ. ಸುಮ್ಮನಿರುವುದೊಂದೇ ಅವಳಿಗೆ ಉಳಿದಿತ್ತು, ಸುಮ್ಮನಿರುವವಳನ್ನು ನಾವು ತಿಳಿಯದವಳು ಅಂದುಬಿಟ್ಟೆವು.

"ಸಾಬರೇ, ಒಂದು ಚೌಕದ ಚಿತ್ರ ಕೆರೆದು ತೆಗೀರಿ," ಅಂದೆ.

"ಯಾವುದು?"

"ನನ್ನ ಕೋಳಿ. ಅದು ಯಾರಿಗೂ ಬೇಡ."

ಸಾಬರು ಉಳಿಯಿಂದ ಬಣ್ಣ ಕೆರೆದರು. ಬರಿ ಮರ ಕಾಣಿಸಿತು. "ಇದರ ವಯರ್ ಎಲ್ಲಿಗೆ ಕೊಡಲಿ? ಇದಕ್ಕೆ ಹೆಸರೇ ಇಲ್ಲವಲ್ಲ."

"ಎಲ್ಲಿಗಾದರೂ ಕೊಡಿ. ಅವಳು ಒತ್ತಿದ್ದು ನಮಗೆ ಗೊತ್ತಾದರೆ ಸಾಕು."

ಅವರು ಯೋಚಿಸಿ, ಎರಡು ಪದಗಳ ನಡುವೆ ಜಾಗ ಬಿಡಲು ಒತ್ತುವ ಉದ್ದನೆಯ ಗುಂಡಿಗೆ ಅದನ್ನು ಜೋಡಿಸಿದರು. ನಾನು ಹೊಂಬಾಳೆಯ ಎದುರು ಕೂತು ಹೇಳಿದೆ: "ನೋಡು ತಾಯಿ, ಈ ಖಾಲಿ ಚೌಕ ನಿನ್ನದು. ನಾವು ಬರೆದದ್ದರಲ್ಲಿ ನಿನ್ನ ವಸ್ತು ಇಲ್ಲದಿದ್ದರೆ ಇಲ್ಲಿ ಒತ್ತು. ನಾವು ದಡ್ಡರು ಅಂತ ಅಷ್ಟರಿಂದಲೇ ತಿಳ್ಕೊಳ್ತೀವಿ."

ಹೇಳಿ ಗೋಡೆಗೆ ತಿರುಗಿದೆ. ಬೆಳಕು ಹೊರಟಿತು. ಅದು ಖಾಲಿ ಚೌಕಕ್ಕೆ ಬರುವುದು ನನಗೆ ಕಾಣಲಿಲ್ಲ, ಆದರೆ ಬಂದದ್ದು ತಿಳಿಯಿತು. ಟಿಕ್. ಅಷ್ಟು ಸ್ಪಷ್ಟವಾದ ಒತ್ತನ್ನು ನಾನು ಆ ಮನೆಯಲ್ಲಿ ಕೇಳಿರಲಿಲ್ಲ. ಮುಂದಿನ ಸುತ್ತಿನಲ್ಲಿ ಅದೇ ಜಾಗದಲ್ಲಿ ಮತ್ತೆ ಟಿಕ್. ಆಮೇಲೆ ಸಾಬರು ಉಸಿರು ಎಳೆದುಕೊಂಡದ್ದು ಕೇಳಿತು. "ಲಿಂಗಾಜಮ್ಮ, ಪರದೆಯಲ್ಲಿ ಏನೋ ಬಂತು."

ಹೆಸರಿಲ್ಲದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ನಾನು ಗೋಡೆಗೆ ಮುಖ ಮಾಡಿಕೊಂಡೇ ಕೇಳಿದೆ: "ಹೊಂಬಾಳೆ, ಇದು ನಿನ್ನ ಉತ್ತರ. ನಿನಗೆ ಓದಲು ಬರಲ್ಲ, ಕಿವಿಯ ಸಾಧನ ನಿನ್ನ ತಲೆಗೆ ನಿಲ್ಲಲ್ಲ. ನಾನು ತಿರುಗಿ ಓದಿ ಹೇಳಲಾ?" ಟಿಕ್. ತಿರುಗಿದೆ.

'ಹಾಸಿಗೆ ಗೋಡೆ. ಮೂಡಲ ತುದಿ. ಕೆಂಚಮ್ಮನ ಚಾಪೆಯ ಕೆಳಗೆ.'

ಜೋರಾಗಿ ಓದಿದೆ. ತಾಯಿಯ ಹೆಸರು ಕೇಳಿದ್ದೇ ಅವಳು ನನ್ನ ಕಡೆ ಕಣ್ಣು ತಿರುಗಿಸಿದಳು. ಮರಿಲಿಂಗ ನನ್ನತ್ತ ಬಂದ.

"ಅಲ್ಲಿ ಅವ್ವನ ಹಾಸಿಗೆ ಬಿಟ್ಟು ಇನ್ನೇನೂ ಇಲ್ಲ. ನಾನೇ ಸುತ್ತಿ ಹೊತ್ತು ಹಾಕಿ ಬಂದೆ. ಕೊಟ್ಟದ್ದನ್ನ ಮುಟ್ಟೋ ಹಾಗಿಲ್ಲ ಅಕ್ಕ, ಊರಲ್ಲಿ ಏನಂತಾರೆ?"

"ಕೊಟ್ಟದ್ದಾಗಿದ್ದರೆ ಇದು ಬಾಯಿ ಬಿಡ್ತಿತ್ತೇನೋ?" ಅಂದೆ. "ನೀನು ಅವ್ವಂದು ಕೊಟ್ಟೆ. ಅದರ ಜೊತೆ ಇವಳದ್ದೇನೋ ಹೋಗಿದೆ. ಇವಳು ಕೊಟ್ಟಿಲ್ಲ. ನಡಿ, ಗಾಡಿ ತಿರುಗಿಸು. ಇವಳೂ ಬರಲಿ. ಅಲ್ಲಿ ಕೈ ಹಾಕುವಾಗ ಯಾವುದು ಇವಳದು ಅಂತ ಹೇಳೋರು ಬೇಕಲ್ಲ."

ಹಾಸಿಗೆ ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಹೋದ ಚಾಪೆ, ಕಂಬಳಿ, ಕೌದಿಗಳು ಉದ್ದಕ್ಕೂ ಹರಡಿದ್ದವು. ಮೂಡಲ ತುದಿಯಲ್ಲಿ ಕೆಂಚಮ್ಮನ ಚಾಪೆ ಇನ್ನೂ ಹೊಸದರ ಹಾಗಿತ್ತು. ಮರಿಲಿಂಗ ಕೈಮುಗಿದು, ಚಾಪೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿದ. ಕೆಳಗೆ ಹಳೆ ಸೀರೆಯ ಅಂಚುಗಳನ್ನು ಜಡೆಯ ಹಾಗೆ ಹೆಣೆದ ಒಂದು ಹುರಿ ಸುತ್ತಿಕೊಂಡು ಬಿದ್ದಿತ್ತು. ಅದರ ಒಂದು ತುದಿಯಲ್ಲಿ ಮೊಳೆಗೆ ಸಿಕ್ಕಿಸುವ ಕುಣಿಕೆ. ನಡುವೆ ಹತ್ತಿ ತುಂಬಿದ ಅಂಗೈಯಗಲದ ಮೆತ್ತೆ, ತಲೆ ಒರಗಿ ಒರಗಿ ಗುಳಿ ಬಿದ್ದಿತ್ತು. ಇನ್ನೊಂದು ತುದಿಯಲ್ಲಿ ಬಳೆಯಷ್ಟು ಅಗಲದ ಕುಣಿಕೆ.

ಅದನ್ನು ಕಂಡದ್ದೇ ಗಾಡಿಯಲ್ಲಿದ್ದ ಹೊಂಬಾಳೆ ತಲೆಯನ್ನು ಹಿಂದಿನ ದಿಂಬಿಗೆ ಒತ್ತಿದಳು. ಒತ್ತುತ್ತಲೇ ಇದ್ದಳು.

ಮರಿಲಿಂಗ ಹುರಿಯನ್ನು ಕೈಯಲ್ಲಿ ಹಿಡಿದು ನಿಂತ. "ಇದು ಇವಳು ಪಕ್ಕಕ್ಕೆ ವಾಲದ ಹಾಗೆ ಅವ್ವ ಕಟ್ಟಿದ ಪಟ್ಟಿ ಅಂದ್ಕೊಂಡಿದ್ದೆ. ಹಾಸಿಗೆ ಸುತ್ತುವಾಗ ಅದರ ಜೊತೆಗೇ ಬಂತು. ಮನೆಯ ಗೋಡೆಯಲ್ಲಿ ಇದರ ಮೊಳೆ ಈಗಲೂ ಇದೆ ಅಕ್ಕ. ನಾನು ಅಂಗಿ ನೇತುಹಾಕ್ತೀನಿ ಅದಕ್ಕೆ."

ಗೌಸ್ ಸಾಬರು ಹುರಿಯನ್ನು ತೆಗೆದುಕೊಂಡು, ಒಂದು ತುದಿಯನ್ನು ಗಾಡಿಗೆ ಸಿಕ್ಕಿಸಿ, ಇನ್ನೊಂದು ತುದಿಯ ಕುಣಿಕೆಯನ್ನು ಕೈಗೆ ಹಾಕಿಕೊಂಡು, ನಡುವಿನ ಮೆತ್ತೆಯನ್ನು ಮೆಲ್ಲಗೆ ಒತ್ತಿ ನೋಡಿದರು. ಅದನ್ನು ಒತ್ತಿದಷ್ಟೂ ಕುಣಿಕೆ ಅವರ ಕೈಯನ್ನು ಎಳೆಯಿತು. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಇವಳಿಗೆ ಏನು ಬೇಕು ಅಂತ ಅವ್ವನಿಗೆ ಹೇಗೋ ತಿಳಿದುಬಿಡ್ತಿತ್ತು," ಅಂದ ಮರಿಲಿಂಗ. "ತಾಯಿ ಕರುಳು, ತಿಳಿಯುತ್ತೆ ಅಂದ್ಕೊಂಡಿದ್ದೆ. ಹೇಗೆ ಅಂತ ಒಂದು ದಿನ ಕೇಳಲಿಲ್ಲ."

ಅವನು ಹುರಿಯನ್ನು ಹಾಗೇ ಗಾಡಿಗೆ ಇಡಲು ಹೋದ. ನಾನು ತಡೆದೆ. "ಈ ಬಳೆಯಗಲದ ಕುಣಿಕೆ ನಿಮ್ಮವ್ವನ ಕೈಯದು. ಅದನ್ನ ಕೊಯ್ದು ಇಲ್ಲೇ ಬಿಡು. ಉಳಿದದ್ದು ಇವಳದು."

ಸಾಬರ ಚಾಕುವಿನಿಂದ ಕೊಯ್ದ. ಕುಣಿಕೆಯನ್ನು ಚಾಪೆಯ ಕೆಳಗೆ ಮೊದಲಿದ್ದ ಹಾಗೇ ಇಟ್ಟು ಅಂಚು ಮುಚ್ಚಿದ. ಬರುವಾಗ ದಾರಿಯಲ್ಲಿ ಇಬ್ಬರು ನೋಡಿದರು. ಒಬ್ಬರು ಮುಖ ತಿರುಗಿಸಿಕೊಂಡರು. ಇನ್ನೊಬ್ಬರು ಗಾಡಿ ಗುಂಡಿಗೆ ಇಳಿದಾಗ ಹಿಂದಿನಿಂದ ತಳ್ಳಿದರು.

ಮನೆಯಲ್ಲಿ ಮರಿಲಿಂಗ ಮೊಳೆಯಿಂದ ಅಂಗಿ ತೆಗೆದ. ಹುರಿಯನ್ನು ಸಿಕ್ಕಿಸಿ, ಮೆತ್ತೆಯನ್ನು ತಂಗಿಯ ತಲೆಯ ಹಿಂದೆ ಸರಿಮಾಡಿ, ಕೊಯ್ದ ತುದಿಯನ್ನು ತನ್ನ ಮಣಿಕಟ್ಟಿಗೆ, ಸ್ಟೀಲಿನ ಕಡಗದ ಪಕ್ಕದಲ್ಲಿ ಕಟ್ಟಿಕೊಂಡ. ಸಾಬರು ಬಾಗಿಲಲ್ಲೇ ನಿಂತರು. ಅನ್ನ ಕಲಸಿದ ತಟ್ಟೆ ಪಕ್ಕದಲ್ಲಿತ್ತು.

ಹುರಿ ಅವನ ಕೈಯನ್ನು ಸಣ್ಣಗೆ ಎಳೆಯಿತು. ಬೆಚ್ಚಿಬಿದ್ದು, "ಏನೇ?" ಅಂದ. "ನೀರಾ?" ಹುರಿ ಸಡಿಲವಾಗಿತ್ತು. "ಅನ್ನಾನಾ?" ಸಡಿಲ. "ದಿಂಬು ಸರಿಮಾಡಲಾ? ಸೆಕೆನಾ?" ಏನೂ ಇಲ್ಲ. ಅವನು ನನ್ನ ಮುಖ ನೋಡಿದ.

"ಅವಳು ಏನು ಕೇಳ್ತಿದ್ದಾಳೆ ಅಂತ ನಿನಗೆ ಗೊತ್ತು," ಅಂದೆ. "ಕೇಳಿಬಿಟ್ಟು ಸುಮ್ಮನೆ ಕಾಯಿ."

ಅವನು ತಂಗಿಯ ಕಡೆ ತಿರುಗಿ, "ಅವ್ವನಾ?" ಅಂದ.

ಹುರಿ ಬಿಗಿಯಾಯಿತು. ಅವನ ಕೈ ತೊಡೆಯಿಂದ ಮೇಲೆದ್ದಿತು.

ನಾನು ಗೋಡೆಗೆ ತಿರುಗಿದೆ. ಅವರ ಮನೆಯ ಗೋಡೆ ನನಗೆ ಹೊಸದು, ಒಲೆಯ ಹೊಗೆಯ ಗುರುತಿತ್ತು. ನನ್ನ ಬೆನ್ನ ಹಿಂದೆ ಮರಿಲಿಂಗ ಹೇಳತೊಡಗಿದ. "ಅವ್ವ ಹೋಗಿಬಿಟ್ಲು ಕಣವ್ವ. ನೀನು ಮಲಗಿದ್ದೆ. ಬೆಳಗ್ಗೆ ಒಲೆ ಹೊತ್ತಿಸೋಕೆ ಎದ್ದೋಳು ಅಲ್ಲೇ ಒರಗಿಕೊಂಡ್ಲು. ನೀನು ಕರೀತಿದ್ದೆ ಅನ್ಸುತ್ತೆ. ಅವಳಿಗೆ ಬರೋಕಾಗಲಿಲ್ಲ. ಬೇಕು ಅಂತ ಬರದೆ ಇರಲಿಲ್ಲ." ಹೊಂಬಾಳೆಯ ಗಂಟಲಿನಿಂದ ಒಂದು ಸದ್ದು ಬಂತು, ತುಂಬ ಹೊತ್ತು ಬರುತ್ತಲೇ ಇತ್ತು. ಅವನೂ ಅತ್ತ. ತಾಯಿಯ ಕಾರ್ಯದಲ್ಲಿ ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ.

ಸದ್ದು ಇಳಿಯಿತು. ಮೂಗು ಒರೆಸಿಕೊಂಡು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡದ್ದು ಕೇಳಿತು.

"ಒಂದು ತುತ್ತು ತಿಂತೀಯಾ?" ಎಂದು ಕೇಳಿ, ಅವನು ಸುಮ್ಮನೆ ಕಾದ.

ನಾನು ಗೋಡೆ ನೋಡುತ್ತ ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ, ಅವನ ಕೈಯ ಕಡಗ ತಟ್ಟೆಯ ಅಂಚಿಗೆ ತಗುಲಿ ಠಣ್ಣೆಂದಿತು.